ನಿನ್ನ ಹೆಸರಿನ ಮೇಲೆ ಓಡುವ ಸುದ್ದಿ

ಮಗಾ, ನಮ್ಮೂರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಈಗ ನೀನೇ ಅಡ್ಮಿನ್ ಅಂತ ನಿಮ್ಮಮ್ಮ ಹೇಳಿದಳು. ಸಂತೋಷ. ಡೇರಿ ಬಟವಾಡೆ ಯಾವತ್ತು, ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ, ಯಾರ ಮನೆಯ ಹಸು ಮಾರಾಟಕ್ಕಿದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಎಲ್ಲವೂ ಈಗ ಅದರಲ್ಲೇ. ಇಷ್ಟು ಜನರ ಜೇಬಿನೊಳಕ್ಕೆ ಒಂದೇ ಸಲಕ್ಕೆ ಮಾತು ಇಳಿಸುವ ಅಧಿಕಾರ ನಿಮ್ಮ ತಾತನಿಗೆ ಪಂಚಾಯ್ತಿ ಮೆಂಬರ್ ಆಗಿದ್ದಾಗಲೂ ಇರಲಿಲ್ಲ. ಅದಕ್ಕೇ ಎರಡು ಮಾತು ಹೇಳೋಣ ಅಂತ ಕೂತಿದ್ದೀನಿ. ನಾನು ಎರಡು ಅಂದರೆ ಎರಡಕ್ಕೇ ನಿಲ್ಲುವುದಿಲ್ಲ, ಅದು ನಿನಗೂ ಗೊತ್ತು.

ದೊಡ್ಡಬಳ್ಳಾಪುರ, ಹೊಸಕೋಟೆ ತಾಲ್ಲೂಕುಗಳ ಉಪಕೇಂದ್ರಗಳಲ್ಲಿ ನರ್ಸಮ್ಮನಾಗಿ ವಯಸ್ಸು ಕಳೆದವಳು ನಾನು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ತೂಬಗೆರೆ ಕಡೆಯ ಹಳ್ಳಿಗಳನ್ನು ಸುತ್ತಿದ್ದೀನಿ, ಸೂಲಿಬೆಲೆ ಕಡೆ ಬಾಣಂತಿಯರ ಮನೆಗಳಿಗೆ ಹೋಗಿದ್ದೀನಿ. ರೋಗದ ಜೊತೆ ಗುದ್ದಾಡಿದ್ದಕ್ಕಿಂತ ರೋಗದ ಬಗ್ಗೆ ಜನ ಆಡಿಕೊಳ್ಳುವ ಮಾತಿನ ಜೊತೆ ಗುದ್ದಾಡಿದ್ದೇ ಹೆಚ್ಚು. ಪೋಲಿಯೊ ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನುವ ಮಾತು ಮೊಬೈಲು ಬರುವ ಎಷ್ಟೋ ಮುಂಚೆ ಊರಿಂದೂರಿಗೆ ನಡೆದುಕೊಂಡೇ ಹೋಗಿತ್ತು. ಹಾಗಾಗಿ ಎಲ್ಲ ಕೆಟ್ಟದ್ದೂ ಈ ಫೋನಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ.

ಆಗ ಊರಿಗೆ ಏನಾದರೂ ತಿಳಿಸಬೇಕಾದರೆ ತಮಟೆ ಹೊಡೆದು ಸಾರಿಸುತ್ತಿದ್ದರು. ನಾಳೆ ಪೋಲಿಯೊ ಹನಿ, ನಾಡಿದ್ದು ದನಗಳಿಗೆ ಇಂಜೆಕ್ಷನ್ನು. ಸಾರುವ ಕೆಲಸವನ್ನು ಒಂದೇ ಜಾತಿಯವರ ತಲೆಗೆ ಕಟ್ಟಿದ್ದು ನಮ್ಮ ಊರುಗಳ ತಪ್ಪು, ಆ ಲೆಕ್ಕ ಬೇರೆ ಇದೆ. ಆದರೆ ಸಾರಿದವನು ಯಾರು, ಸಾರಲು ಹೇಳಿದವರು ಯಾರು ಅನ್ನುವುದು ಊರಿಗೆಲ್ಲ ಗೊತ್ತಿರುತ್ತಿತ್ತು. ಸುಳ್ಳಾದರೆ ಸಂಜೆಗೆ ಅರಳಿಕಟ್ಟೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಈಗ ಫಾರ್ವರ್ಡ್ ಆಗಿ ಬಂದದ್ದಕ್ಕೆ ಹೆತ್ತವರೇ ಇಲ್ಲ. ನೀನು ಗ್ರೂಪಿಗೆ ಹಾಕಿದ ಗಳಿಗೆಗೆ ಅದಕ್ಕೆ ನಿನ್ನ ಹೆಸರು ಅಂಟಿಕೊಳ್ಳುತ್ತದೆ. ‘ನಾನು ಬರೆದದ್ದಲ್ಲ, ಬಂದದ್ದನ್ನು ಹಾಕಿದೆ ಅಷ್ಟೆ’ ಅಂತ ನೀನು ಅನ್ನಬಹುದು. ನಿಮ್ಮ ದೊಡ್ಡಮ್ಮ ಹಾಗೆ ಓದುವುದಿಲ್ಲ. ‘ಡಿಗ್ರಿ ಓದೋ ಹುಡುಗ, ಅವನು ಹಾಕಿದಾನೆ ಅಂದರೆ ಇರುತ್ತೆ’ ಅಂತಾಳೆ. ಅವಳಿಗೆ ವೈರಸ್ಸೂ ಗೊತ್ತಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಗೊತ್ತಿಲ್ಲ. ನೀನು ಗೊತ್ತು. ಅವಳು ನಂಬುವುದು ನಿನ್ನನ್ನು.

ಹಾಗೆ ನಂಬಿದ್ದು ಸುಳ್ಳಾದರೆ ಏನಾಗುತ್ತದೆ ಅಂತ ಕೋಳಿ ಸಾಕಿದವರನ್ನು ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಕರ್ನಾಟಕದಲ್ಲಿ ಮೊದಲ ಕೋವಿಡ್ ಪ್ರಕರಣ ಪ್ರಕಟವಾದದ್ದು 2020ರ ಮಾರ್ಚ್ 9ರಂದು. ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನುವ ಫೋಟೊಗಳು ಅದಕ್ಕಿಂತ ಮುಂಚೆಯೇ ನಮ್ಮ ಫೋನುಗಳಿಗೆ ಬಂದಿದ್ದವು. ಕೋಳಿ ಶೆಡ್ಡಿನ ಲೆಕ್ಕ ಹೇಗೆ ಅಂತ ನಿನಗೆ ಗೊತ್ತಲ್ಲ. ಬ್ರಾಯ್ಲರ್ ಕೋಳಿ ಆರು ವಾರಕ್ಕೆ ಮಾರಾಟಕ್ಕೆ ಬರುತ್ತದೆ. ಏಳನೇ ವಾರವೂ ಶೆಡ್ಡಿನಲ್ಲೇ ಉಳಿದರೆ ಅದು ತಿನ್ನುವ ಫೀಡಿನ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಕೋಳಿಯ ಮೇಲೆ ಬಂದ ಸುಳ್ಳು ವರ್ಷಗಟ್ಟಲೆ ಬದುಕಬೇಕಾಗಿಲ್ಲ, ಎರಡು ವಾರ ಬದುಕಿದರೆ ಸಾಕು, ಮನೆ ಮುಳುಗುತ್ತದೆ. ಕೆ.ಜಿ.ಗೆ 50ರಿಂದ 70 ರೂಪಾಯಿ ಸಿಗುತ್ತಿದ್ದ ಕೋಳಿ 5–10 ರೂಪಾಯಿಗೆ ಇಳಿಯಿತು ಅಂತ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಒಬ್ಬರು ಸಾವಿರಾರು ಕೋಳಿಗಳನ್ನು ಜೆಸಿಬಿಯಲ್ಲಿ ಗುಂಡಿ ತೋಡಿಸಿ ಜೀವಂತ ಹೂಳಿದರು. ನಮ್ಮ ಪಕ್ಕದ ಕೋಲಾರ ಜಿಲ್ಲೆಯಲ್ಲೂ ಹಾಗೇ ಆಯಿತು. ಹೂಳುವ ವೀಡಿಯೊ ಮತ್ತೆ ಅದೇ ವಾಟ್ಸ್‌ಆ್ಯಪ್‌ಗೆ ಬಂತು. ನೋಡಿದವರು ಏನಂದರು? ‘ರೋಗ ಇಲ್ಲದಿದ್ದರೆ ಯಾರಾದರೂ ಹೂಳುತ್ತಾರಾ?’ ಸುಳ್ಳಿನಿಂದ ಆದ ನಷ್ಟವೇ ಸುಳ್ಳಿಗೆ ಸಾಕ್ಷಿಯಾಗಿ ನಿಂತುಬಿಟ್ಟಿತು.

ಇನ್ನೊಂದು ತೊಡಕು ಕೇಳು. ಅದೇ ಮಾರ್ಚ್ ತಿಂಗಳಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿಜ್ವರ ಪತ್ತೆಯಾಯಿತು. ಅದು ನಿಜವಾದ ಸುದ್ದಿ. ಹಕ್ಕಿಜ್ವರವೇ ಬೇರೆ, ಕೊರೊನಾನೇ ಬೇರೆ, ಚೆನ್ನಾಗಿ ಬೇಯಿಸಿದ ಕೋಳಿಯಿಂದ ಎರಡೂ ಬರುವುದಿಲ್ಲ ಅಂತ ಇಲಾಖೆ ಹೇಳಿತು. ಆದರೆ ‘ಕೋಳಿಗೆ ಏನೋ ಬಂದಿದೆಯಂತೆ’ ಅನ್ನುವಷ್ಟು ನಿಜ ಸಿಕ್ಕಮೇಲೆ ಉಳಿದ ಮುಕ್ಕಾಲು ಸುಳ್ಳಿಗೂ ಕಾಲು ಬಂತು. ಪೂರ್ತಿ ಸುಳ್ಳು ಊರೊಳಗೆ ಬಹಳ ದಿನ ನಿಲ್ಲುವುದಿಲ್ಲ ಮಗಾ. ನಿಲ್ಲುವುದು ಕಾಲು ಭಾಗ ನಿಜ ಇರುವಂಥದ್ದು. ಅದಕ್ಕೇ ಒಂದು ಮೆಸೇಜು ಬಂದಾಗ ‘ಇದು ಸುಳ್ಳು’ ಅಂತ ತಳ್ಳಿಹಾಕುವುದಕ್ಕಿಂತ ಇದರಲ್ಲಿ ಯಾವ ಕಾಲು ಭಾಗ ನಿಜ ಅಂತ ಹುಡುಕು. ಅದನ್ನು ಒಪ್ಪಿಕೊಂಡು ಮಾತು ಶುರು ಮಾಡಿದರೆ ಜನ ಕೇಳಿಸಿಕೊಳ್ಳುತ್ತಾರೆ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗಲೂ ಇದೇ ಆಯಿತು. ರೋಗ ನಿಜ, ದನಗಳು ಸತ್ತಿದ್ದು ನಿಜ. ಹಾಲು ಕುಡಿದವರಿಗೂ ಗಂಟು ಏಳುತ್ತೆ ಅನ್ನುವುದು ಸುಳ್ಳು, ಆ ರೋಗ ಮನುಷ್ಯರಿಗೆ ಬರುವುದೇ ಇಲ್ಲ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಬದುಕುವ ನಮ್ಮ ಜಿಲ್ಲೆಯಲ್ಲಿ ಆ ಮೆಸೇಜನ್ನು ಫಾರ್ವರ್ಡ್ ಮಾಡಿದವರಲ್ಲಿ ಹಾಲು ಹಾಕುವವರ ಮಕ್ಕಳೂ ಇದ್ದರು!

ಇಂಥದ್ದನ್ನು ಹಾಕುವವರು ಕೆಟ್ಟವರಾ? ನಾನು ಕಂಡಂತೆ ಹೆಚ್ಚಿನವರು ಒಳ್ಳೆಯವರೇ. ತಂಗಿಯ ಮಗುವಿಗೆ ಏನಾದರೂ ಆದೀತು ಅನ್ನುವ ಕಕ್ಕುಲಾತಿಯಿಂದ ಹಾಕುತ್ತಾರೆ. ‘ನಿರ್ಲಕ್ಷ್ಯ ಮಾಡಬೇಡಿ, ನಿಮ್ಮವರಿಗೆಲ್ಲ ತಲುಪಿಸಿ’ ಅಂತ ಕೊನೆಗೆ ಬರೆದಿರುತ್ತದಲ್ಲ, ಬರೆದವನಿಗೆ ಆ ಕಕ್ಕುಲಾತಿಯ ಬೆಲೆ ಗೊತ್ತು. ಆ ಸಾಲು ಕಂಡ ಕೂಡಲೇ ನೀನು ಕೈ ತಡೆ.

ಈಗ ಹಾಸನದ ವಿಷಯಕ್ಕೆ ಬರುತ್ತೀನಿ, ಯಾಕೆಂದರೆ ಅದು ನಿನ್ನ ಕಣ್ಣೆದುರೇ ಆದದ್ದು. 2025ರ ಜೂನ್ ಕೊನೆ, ಜುಲೈ ಮೊದಲ ವಾರ. ಸುಮಾರು 40 ದಿನದಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು, ಅದರಲ್ಲೂ ಹರೆಯದವರು, ಅನ್ನುವ ಸುದ್ದಿ ಟಿ.ವಿ.ಯಲ್ಲಿ ದಿನಾ ಒಂದೊಂದು ಸಂಖ್ಯೆ ಏರಿಸಿಕೊಂಡು ಬಂತು. ನೆಲಮಂಗಲದಲ್ಲಿ ಕವಲೊಡೆಯುವ ಆ ಹಾಸನದ ರಸ್ತೆಯಲ್ಲಿ ರೋಗವೇ ಬಸ್ಸು ಹತ್ತಿ ಬರುತ್ತಿದೆಯೇನೋ ಅನ್ನುವ ಹಾಗೆ ನಮ್ಮ ಕಡೆಯವರೂ ಹೆದರಿದರು. ಬೆಂಗಳೂರಿನ, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಎದೆನೋವು ಇಲ್ಲದವರೂ ನಿಂತಿದ್ದರು. ನಿಜವಾಗಿ ಎದೆ ಹಿಡಿದುಕೊಂಡು ಬಂದವನು ಆ ಸಾಲಿನ ಹಿಂದೆ ಎಲ್ಲಿ ಸಿಕ್ಕಿಕೊಂಡನೋ ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಭಯದಿಂದ ಆಗುವ ಸಾವು ಯಾವ ಪಟ್ಟಿಯಲ್ಲೂ ಬರುವುದಿಲ್ಲ ನೋಡು.

ಆಮೇಲೆ ಕೋವಿಡ್ ಲಸಿಕೆಯಿಂದಲೇ ಇದೆಲ್ಲ ಅನ್ನುವ ಮಾತು ಹೊರಟಿತು. ಲಸಿಕೆಗೆ ಆತುರವಾಗಿ ಅನುಮತಿ ಕೊಟ್ಟಿದ್ದೂ ಕಾರಣವಿರಬಹುದು ಅಂತ ಸ್ವತಃ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜುಲೈ 1ರಂದು ಎಕ್ಸ್‌ನಲ್ಲಿ ಬರೆದರು. ಮಾರನೆಯ ದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಐಸಿಎಂಆರ್ ಮತ್ತು ಏಮ್ಸ್‌ನ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡಿಲ್ಲ ಅಂತ ಹೇಳಿತು. ರಾಜ್ಯ ಸರ್ಕಾರವೇ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ತೆಗೆದು ನೋಡಿತು. ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ ಸಾವೇ ಅಲ್ಲ. ರಸ್ತೆ ಅಪಘಾತದಲ್ಲಿ ಹೋದವರು, ಕರೆಂಟು ಹೊಡೆದು ಹೋದವರೂ ‘ಹೃದಯಾಘಾತ’ದ ಪಟ್ಟಿಯಲ್ಲಿ ಸೇರಿಕೊಂಡಿದ್ದರು. ಉಳಿದ 20ರಲ್ಲಿ ದಾಖಲೆ ಸಮೇತ ಹೃದಯದ ಕಾಯಿಲೆ ಅಂತ ಹೇಳಬಹುದಾದದ್ದು 10, ಮಿಕ್ಕವು ‘ಇದ್ದಿರಬಹುದು’ ಅನ್ನುವಂಥವು. ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ, ಹಾಸನದಲ್ಲಿ ಇಂಥ ಸಾವು ಒಮ್ಮೆಲೇ ಏರಿದ್ದೂ ಕಾಣಲಿಲ್ಲ.

ನೀನು ಬಿ.ಕಾಂ. ಹುಡುಗ, ಲೆಕ್ಕ ಹಾಕಿ ನೋಡು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಗೆ ಸುಮಾರು 17.76 ಲಕ್ಷ ಜನ. ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ತೀರಿಕೊಳ್ಳುವುದು ನಮ್ಮ ಕಡೆಯ ಸಾಮಾನ್ಯ ದರ. ಅಂದರೆ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 30 ಸಾವು. ದೇಶದಲ್ಲಿ ಆಗುವ ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೃದಯ, ರಕ್ತನಾಳದ ಕಾಯಿಲೆಯಿಂದ. ಹಾಗಾದರೆ 40 ದಿನಕ್ಕೆ ಎಷ್ಟಾಯಿತು? ಮುನ್ನೂರರ ಹತ್ತಿರ. ಟಿ.ವಿ.ಯವರು ಎಣಿಸಿದ್ದು ಇಪ್ಪತ್ತು ಚಿಲ್ಲರೆ. ಇಷ್ಟು ದಿನ ಯಾರೂ ಎಣಿಸಿರಲಿಲ್ಲ, ಎಣಿಸಲು ಶುರು ಮಾಡಿದ್ದೇ ಹೊಸ ರೋಗದ ಹಾಗೆ ಕಂಡಿತು. ಹಾಗಂತ ಹರೆಯದವರ ಸಾವು ಸಣ್ಣದು ಅಂತ ನಾನು ಅಂದೆ ಅಂದುಕೊಳ್ಳಬೇಡ. ಮೂವತ್ತೈದರ ಹುಡುಗ ಕೂತಲ್ಲೇ ಕುಸಿದರೆ ಅದು ದೊಡ್ಡ ವಿಷಯವೇ. ಆದರೆ ‘ಎಷ್ಟು’ ಅಂತ ಬಂದಾಗೆಲ್ಲ ‘ಎಷ್ಟರಲ್ಲಿ ಎಷ್ಟು, ಹೋದ ವರ್ಷ ಎಷ್ಟು’ ಅಂತ ಕೇಳದೆ ಗ್ರೂಪಿಗೆ ಹಾಕಬೇಡ.

ಆ ಗಲಾಟೆಯಲ್ಲಿ ಹಾಕಬೇಕಾಗಿದ್ದ ಮೆಸೇಜು ಬೇರೆಯೇ ಇತ್ತು, ಅದನ್ನು ಹಾಕಿದವರು ಕಡಿಮೆ. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಇದ್ದರು ಅಂತ ಸಮಿತಿ ಗುರುತಿಸಿತ್ತು. ನಮ್ಮ ದೇವನಹಳ್ಳಿ ಕಡೆ ಮನೆಗೊಬ್ಬ ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಾನೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತಲ್ಲೇ ಕೂತು, ಟೀ, ಸಿಗರೇಟು, ಸಿಕ್ಕಲ್ಲಿ ಊಟ. ಅವನಿಗೆ ಬಿ.ಪಿ., ಸಕ್ಕರೆ ನೋಡಿಸಿಕೋ ಅಂತ ಹೇಳುವವರು ಬೇಕಿತ್ತು. ಎದೆ ಒತ್ತಿದ ಹಾಗಾದರೆ ಜಯದೇವದವರೆಗೂ ಓಡಬೇಕಾಗಿಲ್ಲ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ ಅನ್ನುವುದನ್ನು ತಿಳಿಸುವವರು ಬೇಕಿತ್ತು. ನಿನ್ನ ಗ್ರೂಪಿನಲ್ಲಿ ಎಷ್ಟು ಜನ ಕ್ಯಾಬ್ ಓಡಿಸುತ್ತಾರೆ ನೋಡು.

ಎಚ್‌ಎಂಪಿವಿ ಅನ್ನುವ ವೈರಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಜನವರಿ 6ರಂದು ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಅದು ಇದೆ ಅಂತ ಪ್ರಕಟವಾದದ್ದೇ ತಡ, ಮತ್ತೆ ಲಾಕ್‌ಡೌನ್ ಅಂತ ಹಬ್ಬಿತು. ಷೇರುಪೇಟೆಯೂ ಅವತ್ತು ಬಿತ್ತು. 2001ರಲ್ಲೇ ಗುರುತಿಸಿದ, ಮಕ್ಕಳಿಗೆ ನೆಗಡಿ ಕೆಮ್ಮು ತರುವ ಹಳೇ ವೈರಸ್ಸು ಅದು. ಹೊಸ ಹೆಸರು ಕೇಳಿದ ಮಾತ್ರಕ್ಕೆ ರೋಗ ಹೊಸದಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕಾಯಿಲೆಯವರ ಹೆಸರು, ಮನೆ, ಫೋಟೊ ಗ್ರೂಪಿಗೆ ಬರಕೂಡದು. 2020ರ ಮಾರ್ಚಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ಇಳಿದವರ ಕೈಗೆ ಅಳಿಸದ ಶಾಯಿಯಲ್ಲಿ ಮುದ್ರೆ ಒತ್ತುತ್ತಿದ್ದರು, ಮನೆಯಿಂದ ಹೊರಗೆ ಬರಬಾರದು ಅಂತ. ಅದಕ್ಕೊಂದು ಕಾರಣವಿತ್ತು, ಒಪ್ಪೋಣ. ಆದರೆ ಆಮೇಲೆ ಮನೆಯಲ್ಲಿ ಪ್ರತ್ಯೇಕವಾಗಿದ್ದವರ ವಿಳಾಸಗಳನ್ನು ಸರ್ಕಾರವೇ ಜಿಲ್ಲಾವಾರು ಪಟ್ಟಿ ಮಾಡಿ ಪ್ರಕಟಿಸಿತು. ಆ ಪಟ್ಟಿ ಗ್ರೂಪಿನಿಂದ ಗ್ರೂಪಿಗೆ ಹಾರಿತು. ರೋಗವೇ ಇಲ್ಲದವರ ಮನೆಯ ಮುಂದೆ ಜನ ನಿಂತು ನೋಡುವುದು, ಹಾಲಿನವನು ಬರದೇ ಇರುವುದು, ಬಾಡಿಗೆ ಮನೆ ಬಿಡಿ ಅನ್ನುವುದು, ಎಲ್ಲ ಆಯಿತು. ಒಬ್ಬನ ಮಾನ ಹೋದದ್ದನ್ನು ನೋಡಿದ ಹತ್ತು ಜನ ಜ್ವರ ಬಂದರೂ ಹೇಳುವುದಿಲ್ಲ. ಮಾತ್ರೆ ನುಂಗಿ ಬಚ್ಚಿಟ್ಟುಕೊಳ್ಳುತ್ತಾರೆ. ಕ್ಷಯರೋಗದಲ್ಲಿ ನಾನಿದನ್ನು ವರ್ಷವರ್ಷವೂ ನೋಡಿದ್ದೀನಿ. ಊರಿಗೆ ಗೊತ್ತಾದೀತು ಅಂತ ಹೆದರಿ ದೂರದ ಆಸ್ಪತ್ರೆಗೆ ಹೋಗಿ, ಬಸ್‌ಚಾರ್ಜಿಗೆ ದುಡ್ಡಿಲ್ಲದೆ ಅರ್ಧಕ್ಕೇ ಔಷಧಿ ಬಿಟ್ಟವರು ಎಷ್ಟು ಜನ! ರೋಗ ಹಬ್ಬುವುದು ಹಾಗೆ.

ಒಬ್ಬೊಬ್ಬರದ್ದು ಹೀಗಾದರೆ, ಒಂದು ಜನಾಂಗದ ಮೇಲೇ ಬೊಟ್ಟು ಮಾಡಿದರೆ ಇನ್ನೇನಾಗಬೇಡ? 2020ರ ಏಪ್ರಿಲ್‌ನಲ್ಲಿ ಮುಸ್ಲಿಮರೇ ಬೇಕಂತ ಕೊರೊನಾ ಹರಡುತ್ತಿದ್ದಾರೆ ಅನ್ನುವ ವೀಡಿಯೊಗಳು ಮಳೆ ಸುರಿದ ಹಾಗೆ ಸುರಿದವು. ಪಕ್ಕದ, ಆಗ ರಾಮನಗರ ಅನ್ನುತ್ತಿದ್ದ ಜಿಲ್ಲೆಯ ಹಳ್ಳಿಯೊಂದರಲ್ಲಿ ಅವರೊಡನೆ ವ್ಯವಹಾರ ಮಾಡಿದರೆ ದಂಡ ಅಂತ ತಮಟೆ ಹೊಡೆದು ಸಾರಿದ್ದೂ ವೀಡಿಯೊದಲ್ಲಿ ಹೊರಗೆ ಬಂತು. ನೋಡಿದೆಯಾ, ಯಾರು ಸಾರಿದರು ಅಂತ ಗೊತ್ತಿದ್ದ ಮಾತ್ರಕ್ಕೆ ಸಾರಿದ್ದೆಲ್ಲ ಸರಿಯಾಗಿಬಿಡುವುದಿಲ್ಲ. ಒಬ್ಬಿಬ್ಬರ ತಪ್ಪಿಗೆ ಇಡೀ ಸಮುದಾಯವನ್ನು ದೂರಿದರೆ ಕ್ರಮ ಕೈಗೊಳ್ಳುತ್ತೇನೆ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ನೇರವಾಗಿಯೇ ಎಚ್ಚರಿಸಿದರು. ಪಕ್ಷ ಯಾವುದೇ ಇರಲಿ, ಆ ಹೊತ್ತಿಗೆ ಆ ಮಾತು ಬೇಕಾಗಿತ್ತು. ನಮ್ಮ ದೇವನಹಳ್ಳಿ ಕಡೆಯ ವಿಜಯಪುರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ನಿಮ್ಮಪ್ಪನ ಜೊತೆ ಹೋಗಿದ್ದೀಯಲ್ಲ? ಗೂಡು ಬೆಳೆಯುವವರು ನಾವು, ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಅವರೊಡನೆ ವ್ಯವಹಾರ ನಿಂತರೆ ಗೂಡು ಕಾಯುತ್ತಾ ಕೂರುವುದಿಲ್ಲ, ದಿನ ತಪ್ಪಿದರೆ ಚಿಟ್ಟೆ ತೂತು ಕೊರೆದುಕೊಂಡು ಹೊರಡುತ್ತದೆ.

ಅತ್ತ ಅದೇ ಏಪ್ರಿಲ್ ಮೊದಲ ವಾರದಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಎಳೆದಾಡಿ ಬ್ಯಾಗು, ಫೋನು ಕಿತ್ತುಕೊಂಡರು. ಅದನ್ನು ಮಾಡಿದ್ದು ತಪ್ಪೇ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಯಾಕಾಯಿತು ಅಂತಲೂ ನೋಡಬೇಕು. ಹಿಂದಿನ ತಿಂಗಳುಗಳಲ್ಲಿ ಪೌರತ್ವದ ವಿಷಯವಾಗಿ ಮುಸ್ಲಿಮರಲ್ಲಿ ಭಯ ತುಂಬಿತ್ತು. ಕೈಯಲ್ಲಿ ಪಟ್ಟಿ ಹಿಡಿದು ಮನೆಯಲ್ಲಿ ಎಷ್ಟು ಜನ ಅಂತ ಕೇಳುವವರನ್ನು ಕಂಡರೆ ಇದು ಜ್ವರದ ಲೆಕ್ಕವೋ ಬೇರೆಯದೋ ಅನ್ನುವ ಅನುಮಾನ. ಮೊದಲೇ ಅವರಲ್ಲಿ ನಾಲ್ಕು ಜನ ಹಿರಿಯರನ್ನು, ಮಸೀದಿಯವರನ್ನು ಕಂಡು ವಿಷಯ ಹೇಳಿ ಹೋಗಿದ್ದರೆ ಅರ್ಧ ಭಾರ ಇಳಿಯುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಮನೆಯೊಳಕ್ಕೆ ಹೋಗುವ ಮುಂಚೆ ಜಗಲಿಯಲ್ಲಿ ಕೂರಬೇಕು ಅಂತ ನಮಗೆ ಹಳೇ ಹೆಲ್ತ್ ವಿಸಿಟರಮ್ಮ ಕಲಿಸಿದ್ದರು.

ಮೊದಲು ನಂಬಿಕೆ ಗಳಿಸಬೇಕು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೇಳು. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೂ. ಅಭಿಯಾನಕ್ಕಿಂತ ಮುಂಚೆ ಅದರ ಮೇಲಿನ ಮೆಸೇಜು ಬಂತು, ಮಕ್ಕಳಿಗೆ ಮುಂದೆ ಸಂತಾನವಾಗಲ್ಲ ಅಂತ. ಪೋಲಿಯೊ ಕಾಲದ ಅದೇ ಹಳೇ ಮಾತು, ಹೊಸ ಬಟ್ಟೆ ಹಾಕಿಕೊಂಡು. ಶಾಲೆಯ ಗೇಟಿನಲ್ಲಿ ಅಪ್ಪಂದಿರು ಬೈಕು ಅಡ್ಡ ನಿಲ್ಲಿಸಿದ್ದರು. ಅವರ ಜೊತೆ ನಾವು ವಿಜ್ಞಾನ ಮಾತಾಡಲಿಲ್ಲ. ಆಶಾ ತನ್ನ ಮಗಳನ್ನು ಕರೆತಂದಳು, ಮೇಷ್ಟರು ತಮ್ಮ ಮಗನನ್ನು. ಅವರಿಬ್ಬರಿಗೂ ಎಲ್ಲರೆದುರು ಮೊದಲು ಚುಚ್ಚಿದೆವು. ಬೈಕುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಇದೇನೂ ನಮ್ಮ ಬುದ್ಧಿವಂತಿಕೆಯಲ್ಲ. 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರವೊಂದನ್ನು ಥಾಮಸ್ ಹಿಕಿ ಬರೆದಿದ್ದಾನೆ. ಅದರಲ್ಲಿ ಒಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ರಾಣಿ ಜನರಿಗೆ ತೋರಿಸುತ್ತಿರುವುದು ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅವರ ವಾದ ಸರಿಯಾಗಿದ್ದರೆ, ಶಾಲೆಯ ಗೇಟಿನಲ್ಲಿ ಆಶಾ ಮಾಡಿದ್ದನ್ನು ಇನ್ನೂರು ವರ್ಷದ ಹಿಂದೆ ರಾಣಿಯೂ ಮಾಡಿದ್ದಳು.

ಹೆಸರಿದ್ದವರ ಮಾತಿನ ಅಪಾಯವೂ ಅಲ್ಲೇ ಇದೆ. 2021ರ ಏಪ್ರಿಲ್‌ನಲ್ಲಿ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಅನ್ನುವ ಸಲಹೆ ದೊಡ್ಡ ಹೆಸರಿನೊಂದಿಗೆ ಓಡಿತು. ಹಾಗೆ ಮಾಡಿಕೊಂಡ ಮೇಲೆ ಸಿಂಧನೂರಿನ ಶಿಕ್ಷಕರೊಬ್ಬರು ತೀರಿಕೊಂಡರೆಂದು ವರದಿಯಾಯಿತು. ಅದಕ್ಕೂ ಹಿಂದಿನ ವರ್ಷ ಡಾ. ದೇವಿ ಶೆಟ್ಟಿಯವರ ಧ್ವನಿ ಅಂತ ಒಂದು ಆಡಿಯೊ ಎಲ್ಲರ ಫೋನಿಗೂ ಬಂದಿತ್ತು, ಅದು ಅವರದ್ದೇ ಅಲ್ಲ. ಈಗಂತೂ ಕಂಪ್ಯೂಟರಿನಲ್ಲಿ ಯಾರ ಮುಖ, ಯಾರ ಧ್ವನಿ ಬೇಕಾದರೂ ತಯಾರಿಸಬಹುದು ಅಂತ ನೀನೇ ನನಗೆ ತೋರಿಸಿದ್ದೀಯ. ಹಾಗಾಗಿ ‘ದೊಡ್ಡ ಡಾಕ್ಟರು ಹೇಳಿದಾರೆ’ ಅನ್ನುವುದು ಇನ್ನು ಮೇಲೆ ಸಾಕ್ಷಿಯಲ್ಲ. ನಮ್ಮ ಪಿಎಚ್‌ಸಿಯ ಸಣ್ಣ ಡಾಕ್ಟರೇ ವಾಸಿ, ಹೋಗಿ ಎದುರಿಗೆ ಕೇಳಬಹುದು.

ಇಷ್ಟೆಲ್ಲ ಹೇಳಿದೆ ಅಂತ ಸರ್ಕಾರ ಹೇಳಿದ್ದೆಲ್ಲ ನಿಜ, ಜನ ಹೇಳಿದ್ದೆಲ್ಲ ಗಾಳಿಸುದ್ದಿ ಅಂದುಕೊಂಡುಬಿಡಬೇಡ. ಕೋವಿಡ್ ಶುರುವಿನಲ್ಲಿ ಇಬ್ಬರು ಮಂತ್ರಿಗಳ ಮಾತು ಒಂದಕ್ಕೊಂದು ತಾಳೆಯಾಗದೆ, ಮಾಹಿತಿ ಕೊಡುವ ಕೆಲಸವನ್ನು ಇನ್ನೊಬ್ಬ ಮಂತ್ರಿ ಸುರೇಶ್ ಕುಮಾರ್ ಅವರೊಬ್ಬರಿಗೇ ಒಪ್ಪಿಸಬೇಕಾಯಿತು. ಒಂದೇ ಬಾಯಿ, ದಿನಾ ಒಂದೇ ಹೊತ್ತು, ಅದರಿಂದ ಜನಕ್ಕೆ ಎಷ್ಟೋ ಸಮಾಧಾನ. ಆದರೆ 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ಸತ್ತಾಗ, ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಅಂತ ಸರ್ಕಾರ ಹೇಳಿತು. ಹೈಕೋರ್ಟು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ಆಮ್ಲಜನಕದ ಕೊರತೆಯನ್ನೇ ಎತ್ತಿ ಹೇಳಿತು. ಆವತ್ತು ರಾತ್ರಿ ಆಸ್ಪತ್ರೆಯಿಂದ ‘ಆಕ್ಸಿಜನ್ ಇಲ್ಲ’ ಅಂತ ಅತ್ತವರದ್ದು ಗಾಳಿಸುದ್ದಿಯಾಗಿರಲಿಲ್ಲ. ಅದಕ್ಕೆ ಸ್ವಲ್ಪ ದಿನ ಮುಂಚೆ, ಏಪ್ರಿಲ್ 30ರಂದು, ಆಮ್ಲಜನಕ, ಹಾಸಿಗೆ ಬೇಕು ಅಂತ ಸಾಮಾಜಿಕ ಜಾಲತಾಣದಲ್ಲಿ ಬರೆದವರ ಮೇಲೆ ಕೇಸು ಹಾಕಿದರೆ ನ್ಯಾಯಾಂಗ ನಿಂದನೆ ಅಂತ ನೋಡುತ್ತೇವೆ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ವಿಪತ್ತಿನ ಹೊತ್ತಿನಲ್ಲಿ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲಿದೆ. ಕಂಡದ್ದನ್ನು, ತನಗೆ ಆದದ್ದನ್ನು ಹೆಸರು ಹಾಕಿ ಹೇಳುವುದು ಅದರೊಳಗೆ ಬರುವುದಿಲ್ಲ. ನಮ್ಮ ಪಿಎಚ್‌ಸಿಯಲ್ಲಿ ನಾಯಿಕಡಿತದ ಇಂಜೆಕ್ಷನ್ ಇಲ್ಲ ಅಂದರೆ ಹೆದರದೆ ಹಾಕು, ದಿನ, ಹೊತ್ತು ಬರೆದು ಹಾಕು. ಬಂದ ದಿನ ಬಂತು ಅಂತಲೂ ಹಾಕು.

ಇನ್ನು ನಿನ್ನ ದಿನದಿನದ ಕೆಲಸ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಬಹಳ ಕೈ ದಾಟಿ ಬಂದದ್ದು. 2018ರಲ್ಲಿ ಮಕ್ಕಳ ಕಳ್ಳರು ಅನ್ನುವ ಸುಳ್ಳಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರಿನ ಮುರ್ಕಿಯಲ್ಲಿ ಅಮಾಯಕರನ್ನು ಹೊಡೆದು ಕೊಂದ ವರ್ಷವೇ ವಾಟ್ಸ್‌ಆ್ಯಪ್‌ನವರು ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಕಟ್ಟಿಹಾಕಿದರು. ಎರಡು ಬಾಣದ್ದನ್ನು 2020ರಲ್ಲಿ ಒಂದೇ ಕಡೆಗೆ ಇಳಿಸಿದರು. ಅವರೇ ಅಷ್ಟು ಹೆದರಿದ್ದಾರೆ ಅಂದಮೇಲೆ ನೀನೂ ಸ್ವಲ್ಪ ಹೆದರು. ಯಾವ ದಿನದ್ದು, ಯಾವ ಊರಿನದ್ದು ನೋಡು. ಅನುಮಾನ ಬಂದರೆ 104ಕ್ಕೆ ಫೋನು ಮಾಡು, ಆರೋಗ್ಯ ಸಹಾಯವಾಣಿ ಇರುವುದೇ ಅದಕ್ಕೆ.

ಯಾರಾದರೂ ‘ಇದು ನಿಜವಾ?’ ಅಂತ ಕೇಳಿದರೆ, ಗೊತ್ತಿಲ್ಲದಿದ್ದರೆ ಸುಮ್ಮನಿರಬೇಡ. ‘ಇನ್ನೂ ಗೊತ್ತಾಗಿಲ್ಲ, ಡಾಕ್ಟರನ್ನು ಕೇಳಿ ಸಂಜೆ ಏಳಕ್ಕೆ ಹೇಳುತ್ತೀನಿ’ ಅಂತ ಹಾಕು. ಏಳಕ್ಕೆ ಹೇಳು. ಡಾಕ್ಟರು ಸಿಗದಿದ್ದರೆ ಸಿಗಲಿಲ್ಲ ಅಂತಲಾದರೂ ಏಳಕ್ಕೇ ಹೇಳು. ನೀನು ಬಾಯಿ ಮುಚ್ಚಿಕೊಂಡ ಹೊತ್ತಿನಲ್ಲೇ ಬೇರೆಯವನ ಕಥೆ ಊರು ಸುತ್ತುತ್ತದೆ.

ಚಿಕ್ಕಪ್ಪ ಸುಳ್ಳು ಹಾಕಿದರೆ ಗ್ರೂಪಿನಲ್ಲಿ ನಗಬೇಡ, ಕೈ ಮುಗಿಯುವ ಚಿತ್ರ ಹಾಕಿ ಚುಚ್ಚಲೂಬೇಡ. ಅಡ್ಮಿನ್‌ಗೆ ಬೇರೆಯವರ ಮೆಸೇಜು ಅಳಿಸುವ ಅಧಿಕಾರ ಇದೆಯಂತೆ, ಅದನ್ನೂ ಮೊದಲೇ ಬಳಸಬೇಡ. ಫೋನು ಮಾಡಿ, ‘ಚಿಕ್ಕಪ್ಪ, ನೀವು ಹಾಕಿದ್ದು ನೋಡಿದೆ, ವಿಚಾರಿಸಿದೆ, ಹೀಗಂತೆ’ ಅನ್ನು. ಅವರೇ ಅಳಿಸಿ ಸರಿ ಸುದ್ದಿ ಹಾಕಿದರೆ, ಮುಂದಿನ ಸಲ ಹಾಕುವ ಮುಂಚೆ ನಿನಗೇ ಫೋನು ಮಾಡುತ್ತಾರೆ. ಎಲ್ಲರೆದುರು ಮುಖ ಕೆಟ್ಟವರು ಸುಳ್ಳನ್ನು ಬಿಡುವುದಿಲ್ಲ, ಗ್ರೂಪು ಬಿಟ್ಟು ಇನ್ನೊಂದು ಗ್ರೂಪು ಕಟ್ಟುತ್ತಾರೆ.

ಮಳೆ ಹಿಡಿಯಿತು ಅಂದರೆ ಡೆಂಗಿ ಬರುತ್ತದೆ. 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗ ಅಂತ ಸರ್ಕಾರ ಘೋಷಿಸುವ ಮಟ್ಟಕ್ಕೆ ಹೋಗಿತ್ತು. ಪರಂಗಿ ಎಲೆಯ ರಸದ ಮೆಸೇಜು ಇಷ್ಟರಲ್ಲೇ ಬರುತ್ತದೆ, ನೀನು ಅದಕ್ಕಿಂತ ಮುಂಚೆ ಬರೆ. ಆ ಸೊಳ್ಳೆ ಕಚ್ಚುವುದು ಹಗಲು, ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ, ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ. ಆದ್ದರಿಂದ ತೊಟ್ಟಿ, ಡ್ರಮ್ಮು, ಹಸುವಿನ ಬಾನಿ, ಮಗ್ಗದ ಮನೆಯ ಹಿಂದೆ ಬಿದ್ದ ಟೈರು, ಎಲ್ಲವನ್ನೂ ವಾರಕ್ಕೊಂದು ಸಲ ಖಾಲಿ ಮಾಡಿ ಉಜ್ಜಿ ಅಂತ ನಾಲ್ಕು ಸಾಲು. ಜ್ವರ ಇಳಿದ ಮೇಲೂ ಹೊಟ್ಟೆನೋವು, ವಾಂತಿ, ಸುಸ್ತು, ವಸಡಿನಲ್ಲಿ ರಕ್ತ ಕಂಡರೆ ಕಾಯಬೇಡಿ ಅಂತ ಇನ್ನೊಂದು ಸಾಲು. ಕೆಳಗೆ ನಿನ್ನ ಹೆಸರು, ಹೇಳಿದ ಡಾಕ್ಟರು ಯಾರು, ತಾರೀಖು. ಓದಲು ಬಾರದವರಿಗೆ ನಿನ್ನ ಧ್ವನಿಯಲ್ಲೇ ಹೇಳಿ ಕಳಿಸು, ನಮ್ಮೂರ ಮಾತಿನಲ್ಲಿ.

ಆಶಾ ಅಕ್ಕನನ್ನು ಗ್ರೂಪಿಗೆ ಸೇರಿಸು, ಆದರೆ ಅವಳನ್ನು ಕೇಳಿ ಸೇರಿಸು. ಅವಳ ಫೋನು ಈಗಲೇ ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುತ್ತಿರುತ್ತದೆ. ರಾತ್ರಿ ಒಂಬತ್ತರ ಮೇಲೆ ನೆಗಡಿ ಕೆಮ್ಮಿಗೆಲ್ಲ ಅವಳಿಗೆ ಫೋನು ಮಾಡಬೇಡಿ, ಹೆರಿಗೆ ನೋವಿಗೆ, ಹಾವು ಕಡಿತಕ್ಕೆ ಮೊದಲು 108ಕ್ಕೆ ಮಾಡಿ ಅಂತ ನೀನೇ ಬರೆದು ಗ್ರೂಪಿನ ತಲೆಗೆ ಪಿನ್ ಮಾಡು. ಪಿನ್ ಮಾಡುವುದು ಹೇಗೆ ಅಂತ ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರಬೇಕು.